ಸೋಸಿದ ನೀರು, ಚೆಲ್ಲಿದ ನೀರು

ನೀರನ್ನು ಸೋಸಿ ಬಳಸುವುದು ಜೈನ ಗೃಹಸ್ಥರ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಆಚಾರ. ಮಡಿಸಿದ ದಟ್ಟ ಬಟ್ಟೆಯನ್ನು ಕೊಡದ ಬಾಯಿಗೆ ಕಟ್ಟಿ ನೀರು ಹೊಯ್ಯುವ ಗೃಹಿಣಿಗೆ ಅದರ ಕಾರಣವನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ಈ ಆಚಾರಕ್ಕೆ ಒಂದು ಉತ್ತರಾರ್ಧವೂ ಇದೆ. ಬಟ್ಟೆಯ ಮೇಲೆ ಉಳಿದ ಸೂಕ್ಷ್ಮ ಜೀವಿಗಳನ್ನು ಸೋಸಿದ ನೀರಿನಿಂದಲೇ ತೊಳೆದು, ನೀರು ಸೇದಿದ ಬಾವಿಗೇ ನಿಧಾನವಾಗಿ ಮರಳಿ ಇಳಿಸಬೇಕು. ಅಲ್ಲಿಯವರೆಗೆ ಸೋಸುವ ಕೆಲಸ ಮುಗಿಯಿತೆಂದು ಹಿರಿಯರು ಹೇಳುತ್ತಿರಲಿಲ್ಲ. ಬಾವಿ ಹೋಗಿ ನಲ್ಲಿ ಬಂದ ಮೇಲೆ ಪೂರ್ವಾರ್ಧ ಉಳಿಯಿತು. ಉತ್ತರಾರ್ಧ ಬಹುಮಟ್ಟಿಗೆ ಮರೆತುಹೋಯಿತು. ಬೇಕಾದುದನ್ನು ಪಡೆಯುವಾಗ ತೋರುವ ಎಚ್ಚರವನ್ನು ಬೇಡವಾದುದನ್ನು ಬಿಡುವಾಗ ತೋರದಿದ್ದರೆ ಏನಾಗುವುದೆಂಬುದನ್ನು ದಾವಣಗೆರೆಯ ಗೃಹಸ್ಥರೊಬ್ಬರು ಹಳೆಯ ವಾಹನವೊಂದರ ನೀರಿನಿಂದ ಕಲಿತರು.

ಅವರದು ಅರಳೆ ವ್ಯಾಪಾರದ ಮನೆತನ. ವ್ಯಾಪಾರ ಇಳಿಮುಖವಾದ ಮೇಲೂ ಅವರಲ್ಲಿ ಉಳಿದದ್ದು 1980ರ ದಶಕದ ಒಂದು ಮೆಟಾಡೋರ್ ವ್ಯಾನು. ಪುಣೆಯ ಬಜಾಜ್ ಟೆಂಪೊ ಕಂಪನಿ, ಅಂದರೆ 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿಕೊಂಡ ಸಂಸ್ಥೆ, ತಯಾರಿಸುತ್ತಿದ್ದ ಈ ವ್ಯಾನುಗಳು ಒಂದು ಕಾಲಕ್ಕೆ ಕರ್ನಾಟಕದ ಎಲ್ಲ ಸಂತೆ, ಜಾತ್ರೆ, ಮದುವೆಗಳಲ್ಲಿ ಕಾಣುತ್ತಿದ್ದವು. ಗೃಹಸ್ಥರು ತಮ್ಮ ವ್ಯಾನಿನ ಹಿಂಬದಿಯ ಆಸನಗಳನ್ನು ತೆಗೆಸಿ, ಎರಡು ಬದಿಗೂ ಮಲಗಲು ಹಲಗೆ ಹಾಕಿಸಿ, ಹಲಗೆಯ ಕೆಳಗೆ ಒಲೆ, ಹಿತ್ತಾಳೆಯ ಪಾತ್ರೆ, ಸೋಸುವ ಬಟ್ಟೆ, ನೀರಿನ ಕೊಡಗಳಿಗೆ ಜಾಗ ಮಾಡಿಸಿದ್ದರು. ಮುನಿಗಳು ವಿಹಾರ ಹೊರಟಾಗ ಅವರು ಪಾದಯಾತ್ರೆಯಲ್ಲೇ ಸಾಗುವರು. ಆಹಾರದಾನದ ಸಿದ್ಧತೆಗಾಗಿ ಶ್ರಾವಕರ ಸಾಮಗ್ರಿ ಮುಂದಿನ ನೆಲೆಗೆ ಮೊದಲೇ ತಲುಪಬೇಕು. ಆ ಕೆಲಸಕ್ಕೆ ಈ ವ್ಯಾನು ಒದಗುತ್ತಿತ್ತು. ಉಳಿದ ದಿನಗಳಲ್ಲಿ ಮನೆಯವರ ತೀರ್ಥಯಾತ್ರೆಗೆ ಅದೇ ವಾಹನ, ಅದೇ ಅಡುಗೆಮನೆ, ಅದೇ ಹಾಸಿಗೆ. ಅದು ಬಸದಿಯ ವಠಾರದ ತಗಡಿನ ಚಪ್ಪರದಲ್ಲಿ ನಿಲ್ಲುತ್ತಿತ್ತು.

ವ್ಯಾನಿನೊಳಗಿನ ಕೊಡದ ನೀರಿಗೆ ಇದ್ದ ಮರ್ಯಾದೆ ಎಂಜಿನ್ನಿನೊಳಗಿನ ನೀರಿಗೆ ಇರಲಿಲ್ಲ. ರೇಡಿಯೇಟರಿನಲ್ಲಿ ನೀರು ಕಡಿಮೆಯಾದಾಗ ವಠಾರದ ಕೊಳವೆಬಾವಿಯ ನಲ್ಲಿಗೆ ಪೈಪು ಸಿಕ್ಕಿಸಿ ತುಂಬುವುದು ರೂಢಿ. ಒಂದು ಬೇಸಿಗೆಯಲ್ಲಿ ಎಂಜಿನ್ ಕಾದಾಗ ಯಾವುದೋ ಗ್ಯಾರೇಜಿನವರು ಥರ್ಮೋಸ್ಟಾಟನ್ನು ತೆಗೆದೇ ಹಾಕಿದ್ದರು. ಸ್ಪ್ರಿಂಗು ಸೋತ ಮುಚ್ಚಳ ಹಲವು ವರ್ಷಗಳಿಂದ ಹಾಗೆಯೇ ಇತ್ತು. ವಾಹನ ಓಡುತ್ತಿತ್ತು, ಓಡುವವರೆಗೆ ಯಾರೂ ಒಳಗೆ ನೋಡಲಿಲ್ಲ.

2002ರಲ್ಲಿ ಕಾರ್ಕಳದ ಬಾಹುಬಲಿ ಸ್ವಾಮಿಗೆ ಮಹಾಮಸ್ತಕಾಭಿಷೇಕ ನಡೆಯಿತು. 1432ರಲ್ಲಿ ಪ್ರತಿಷ್ಠಾಪನೆಗೊಂಡ, 42 ಅಡಿ ಎತ್ತರದ ಆ ಮೂರ್ತಿಯ ದರ್ಶನಕ್ಕೆಂದು ಗೃಹಸ್ಥರು, ಅವರ ಪತ್ನಿ, ವೃದ್ಧ ತಾಯಿ, ನೆರೆಮನೆಯ ದಂಪತಿ ಹೊರಟರು. ವಾಹನ ನಡೆಸುತ್ತಿದ್ದವನು ತಮ್ಮನ ಮಗ. ಹೋಗುವಾಗ ಘಟ್ಟ ಇಳಿಯುವ ದಾರಿ, ತೊಂದರೆಯಾಗಲಿಲ್ಲ. ಹಿಂದಿರುಗುವಾಗ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆಯ ಘಟ್ಟವನ್ನು ಏರಬೇಕಾಯಿತು. ಅಲ್ಲಿ 14 ಹಿಮ್ಮುರಿ ತಿರುವುಗಳಿವೆ. ಅರ್ಧ ಘಟ್ಟ ಏರುವಷ್ಟರಲ್ಲಿ ಉಷ್ಣತೆಯ ಮುಳ್ಳು ಕೆಂಪು ಗೆರೆಯನ್ನು ದಾಟಿತು. ಮುಂದಿನ ತಿರುವಿನಲ್ಲಿ ಹಬೆ ಎದ್ದಿತು. ವಾಹನವನ್ನು ಬದಿಗೆ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟರು. ಹುಡುಗ ಕೈಗೆ ಬಟ್ಟೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳ ತಿರುಗಿಸಲು ಹೊರಟಾಗ ಅವನ ದೊಡ್ಡಮ್ಮ ತಡೆದರು.

"ಕುಕ್ಕರ್ ಆರೋ ಮುಂಚೆ ಮುಚ್ಚಳ ತೆಗೀತಾರೇನಪ್ಪಾ?"

ಅಡುಗೆಮನೆಯ ಆ ಒಂದು ಮಾತು ಹುಡುಗನ ಮುಖವನ್ನೂ ಕಣ್ಣನ್ನೂ ಉಳಿಸಿತು. ರೇಡಿಯೇಟರ್ ಕುಕ್ಕರಿನಂತೆಯೇ ಒತ್ತಡದ ಪಾತ್ರೆ. ಮುಚ್ಚಳದಲ್ಲಿರುವ ಸ್ಪ್ರಿಂಗು ಒಳಗಿನ ಒತ್ತಡವನ್ನು ಹಿಡಿದಿಡುವುದರಿಂದ, 100 ಡಿಗ್ರಿಯಲ್ಲಿ ಕುದಿಯಬೇಕಾದ ನೀರು ಸುಮಾರು 115ರಿಂದ 120 ಡಿಗ್ರಿಯವರೆಗೂ ಕುದಿಯದೆ ನಿಲ್ಲುತ್ತದೆ. ಸೋತ ಸ್ಪ್ರಿಂಗು ಅಷ್ಟು ಹಿಡಿಯದಿದ್ದರೂ ಸುಡುವಷ್ಟು ಹಿಡಿದೇ ಇರುತ್ತದೆ. ಬಿಸಿಯಲ್ಲಿ ಮುಚ್ಚಳ ತೆಗೆದ ಕ್ಷಣವೇ ಒತ್ತಡ ಬಿದ್ದು, ಆ ನೀರು ಹಬೆಯಾಗಿ ಸಿಡಿಯುತ್ತದೆ. ಒಂದು ಗಂಟೆಗೂ ಹೆಚ್ಚು ಕಾಲ ಕಾದರು. ಬಳಿಕ ಸುರಿಯಲು ನೀರೆಲ್ಲಿ? ಇದ್ದದ್ದು ತಾಯಿಗಾಗಿ ಸೋಸಿ, ಕಾಯಿಸಿ, ಆರಿಸಿಟ್ಟ ಒಂದು ಕೊಡ. "ನಂಗೆ ತೀರ್ಥಹಳ್ಳಿಗೆ ಹೋದ ಮೇಲೆ ನೋಡೋಣ, ಇದನ್ನ ಹಾಕ್ರಿ," ಎಂದರು ಆ ವೃದ್ಧೆ. ಎಂಜಿನ್ನನ್ನು ಚಾಲನೆಯಲ್ಲಿಟ್ಟು ಸ್ವಲ್ಪಸ್ವಲ್ಪವಾಗಿ ಆ ನೀರನ್ನು ತುಂಬಿದರು. ಕಾದ ಕಬ್ಬಿಣಕ್ಕೆ ತಣ್ಣೀರನ್ನು ಒಮ್ಮೆಗೇ ಸುರಿದರೆ ಎಂಜಿನ್ನಿನ ತಲೆಭಾಗವೇ ಬಿರುಕು ಬಿಡಬಹುದು.

ಶಿವಮೊಗ್ಗ, ಹೊನ್ನಾಳಿ, ಮಲೇಬೆನ್ನೂರು ಹಾದು ಬರುವಾಗ ಮುಳ್ಳು ಮತ್ತೆ ಮತ್ತೆ ಏರಿತು. ಮನೆಗೆ ಇನ್ನು 14 ಕಿಲೋಮೀಟರ್ ಇರುವಾಗ, ಹರಿಹರದಲ್ಲಿ, ವ್ಯಾನನ್ನು ರೇಡಿಯೇಟರ್ ದುರಸ್ತಿ ಮಾಡುವ ಮೇಸ್ತ್ರಿಯೊಬ್ಬರ ಅಂಗಳದಲ್ಲಿ ಬಿಟ್ಟರು. ಹರಿಹರ ತುಂಗಭದ್ರೆಯ ದಡದ ತೀರ್ಥಸ್ಥಳವಷ್ಟೇ ಅಲ್ಲ, ಯಂತ್ರ ಬಲ್ಲವರ ಊರೂ ಹೌದು. 1941ರಲ್ಲಿ ಅಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದಾದ್ಯಂತ ಹೋದವು. ಈ ಶತಮಾನದ ಆರಂಭದಲ್ಲಿ ಅದು ನಿಂತುಹೋದಾಗ ಅಲ್ಲಿ ಕೈ ಪಳಗಿಸಿಕೊಂಡವರು ತಮ್ಮ ಕೌಶಲವನ್ನು ಮನೆಮುಂದಿನ ಚಪ್ಪರಗಳಿಗೆ ತಂದರು. ಈ ಮೇಸ್ತ್ರಿಯೂ ಅಂಥವರಲ್ಲಿ ಒಬ್ಬರು.

ಮರುದಿನ ಅವರು ರೇಡಿಯೇಟರನ್ನು ಕಳಚಿ, ಮೇಲಿನ ಹಿತ್ತಾಳೆಯ ಟ್ಯಾಂಕಿನ ಬೆಸುಗೆಯನ್ನು ಬಿಚ್ಚಿ, ಗೃಹಸ್ಥರನ್ನು ಕರೆದು ತೋರಿಸಿದರು. ಸಾಲುಸಾಲಾದ ತಾಮ್ರದ ಚಪ್ಪಟೆ ಕೊಳವೆಗಳಲ್ಲಿ ಅರ್ಧದಷ್ಟರ ಬಾಯಿ ಮುಚ್ಚಿಹೋಗಿತ್ತು. ಮೇಸ್ತ್ರಿ ಒಂದು ಬಿಳಿಯ ಚಕ್ಕೆಯನ್ನು ಕಿತ್ತು ಅವರ ಅಂಗೈ ಮೇಲಿಟ್ಟರು.

"ಸಾವ್ಕಾರ್ರೇ, ನಿಮ್ಮ ಬಚ್ಚಲ ಹಂಡೆ ಒಳಗೆ ಇದನ್ನ ನೋಡಿಲ್ವಾ?"

ನೋಡಿದ್ದರು. ಪ್ರತಿ ದೀಪಾವಳಿಗೆ ನೀರು ತುಂಬುವ ಮುನ್ನ ಹಂಡೆಯಿಂದ ಕೆರೆದು ತೆಗೆಯುವ ಅದೇ ಸುಣ್ಣದ ಹೆಪ್ಪು. ಗಡಸು ನೀರು ಕಾದಂತೆಲ್ಲ ಅದರಲ್ಲಿ ಕರಗಿದ ಸುಣ್ಣದ ಅಂಶ ಬೇರ್ಪಟ್ಟು ಬಿಸಿಯ ಗೋಡೆಗೆ ಅಂಟುತ್ತದೆ. ತಾಮ್ರಕ್ಕೆ ಹೋಲಿಸಿದರೆ ಈ ಹೆಪ್ಪು ಶಾಖವನ್ನು ಸಾಗಿಸುವ ಶಕ್ತಿ ನೂರಕ್ಕೂ ಹೆಚ್ಚು ಪಟ್ಟು ಕಡಿಮೆ. ಡೀಸೆಲ್ ಉರಿದು ಹುಟ್ಟುವ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗ ವಾಹನವನ್ನು ನಡೆಸುತ್ತದೆ, ಒಂದು ಭಾಗ ಹೊಗೆಯೊಡನೆ ಹೋಗುತ್ತದೆ. ಉಳಿದದ್ದನ್ನು ಹೊತ್ತು ಹೊರಗೆ ಹಾಕಬೇಕಾದದ್ದು ನೀರು. ಆ ದಾರಿ ಮುಚ್ಚಿದರೆ ಶಾಖ ಎಂಜಿನ್ನಿನಲ್ಲೇ ಉಳಿದು ಗ್ಯಾಸ್ಕೆಟ್ ಸುಡುತ್ತದೆ, ತಲೆಭಾಗ ಬಾಗುತ್ತದೆ.

ಮೇಸ್ತ್ರಿ ತೆಳುವಾದ ಚಪ್ಪಟೆ ಕಂಬಿಯನ್ನು ಒಂದೊಂದು ಕೊಳವೆಯಲ್ಲೂ ಆಡಿಸಿ ಹೆಪ್ಪನ್ನು ಕೆಡವಿದರು. ಹೊರಗಿನ ಜಾಲರಿಯಲ್ಲಿ ಸಿಕ್ಕಿ ಒಣಗಿದ್ದ ಪತಂಗಗಳನ್ನೂ ಧೂಳನ್ನೂ ಎಂಜಿನ್ನಿನ ಬದಿಯಿಂದ ಹೊರಮುಖವಾಗಿ ನೀರು ಬಿಟ್ಟು ತೊಳೆದರು. ಆ ಪತಂಗಗಳನ್ನು ಕಂಡ ಮೇಲೆ ಗೃಹಸ್ಥರು ಅನಿವಾರ್ಯವಲ್ಲದೆ ರಾತ್ರಿ ಪ್ರಯಾಣ ಮಾಡಲಿಲ್ಲ. ತೆಗೆದುಹಾಕಿದ್ದ ಥರ್ಮೋಸ್ಟಾಟಿನ ಜಾಗಕ್ಕೆ ಹೊಸದನ್ನು ಕೂರಿಸುತ್ತ ಮೇಸ್ತ್ರಿ ಅದರ ಕೆಲಸವನ್ನು ವಿವರಿಸಿದರು. ಎಂಜಿನ್ ತಣ್ಣಗಿರುವಾಗ ಅದು ನೀರನ್ನು ಒಳಗೇ ಸುತ್ತಿಸುತ್ತದೆ. ಸುಮಾರು 80 ಡಿಗ್ರಿ ದಾಟಿದಾಗ ತೆರೆದುಕೊಂಡು ರೇಡಿಯೇಟರಿನ ಕಡೆಗೆ ಬಿಡುತ್ತದೆ, ಒಳಸುತ್ತಿನ ದಾರಿಯನ್ನು ಮುಚ್ಚುತ್ತದೆ. ಅದನ್ನು ತೆಗೆದರೆ ತಂಪಾಗುವುದೆಂಬುದು ಭ್ರಮೆ. ಒಳಸುತ್ತಿನ ದಾರಿ ಸದಾ ತೆರೆದೇ ಇದ್ದು, ಒಂದಷ್ಟು ಬಿಸಿನೀರು ರೇಡಿಯೇಟರನ್ನು ಮುಟ್ಟದೆಯೇ ಮರಳುತ್ತದೆ. ಬೆಳಗಿನ ಹೊತ್ತು ಎಂಜಿನ್ ಬೇಗ ಬಿಸಿಯೇರದೆ ಸವೆಯುತ್ತದೆ, ಡೀಸೆಲೂ ಹೆಚ್ಚು ಕುಡಿಯುತ್ತದೆ.

ಕೊನೆಗೆ ಅವರು ಡಿಸ್ಟಿಲ್ಡ್ ವಾಟರಿಗೆ ಹಸಿರು ಬಣ್ಣದ ಕೂಲೆಂಟ್ ಬೆರೆಸಿ ತುಂಬಿದರು. ಹಿಮವೇ ಬೀಳದ ದಾವಣಗೆರೆಗೆ ಹಿಮ ತಡೆಯುವ ದ್ರವವೇಕೆಂದು ಗೃಹಸ್ಥರು ಕೇಳಿದರು. ನಮ್ಮ ಸೀಮೆಯಲ್ಲಿ ಅದರ ಉಪಯೋಗ ಬೇರೆ ಎಂದು ಉತ್ತರ ಬಂತು. ಅದು ಕುದಿಯುವ ಬಿಂದುವನ್ನು ಏರಿಸುತ್ತದೆ. ಅದರಲ್ಲಿರುವ ಔಷಧಗಳು ತುಕ್ಕು ಕಟ್ಟದಂತೆ ಕಾಯುತ್ತವೆ. ಆ ಔಷಧಗಳು ಕಾಲಕ್ರಮದಲ್ಲಿ ಸವೆಯುವುದರಿಂದ ಎರಡು ವರ್ಷಕ್ಕೊಮ್ಮೆ ದ್ರವವನ್ನು ಬದಲಿಸಬೇಕು. ವಾರಕ್ಕೊಮ್ಮೆ, ಎಂಜಿನ್ ತಣ್ಣಗಿರುವ ಬೆಳಿಗ್ಗೆ, ಮಟ್ಟ ನೋಡಬೇಕು. ಮಟ್ಟ ಇಳಿಯುತ್ತಿದ್ದರೆ ಸುಮ್ಮನೆ ತುಂಬದೆ ಎಲ್ಲಿ ಹೋಯಿತೆಂದು ಹುಡುಕಬೇಕು. ಫ್ಯಾನ್ ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಒಂದು ಸೆಂಟಿಮೀಟರ್ ಮಣಿಯಬೇಕು. ಹೋಸ್ ಪೈಪನ್ನು ಹಿಸುಕಿದರೆ ಮೆತ್ತಗೆ ಕುಸಿಯಲೂ ಬಾರದು, ಗಡಸಾಗಿ ಬಿರಿಯಲೂ ಬಾರದು. ಹೊರಡುವಾಗ ಮೇಸ್ತ್ರಿ ಇನ್ನೊಂದು ಮಾತು ಹೇಳಿದರು. "ಈ ಹಸಿರು ನೀರು ಸಿಹಿಯಾಗಿರುತ್ತೆ, ಆದ್ರೆ ವಿಷ. ಬದಲಿಸೋ ಹೊತ್ತಿಗೆ ಇಲ್ಲಿಗೇ ತನ್ನಿ."

ಗೃಹಸ್ಥರು ಮನೆಗೆ ಬಂದು ಒಂದು ಪುಸ್ತಕ ಹೊಲಿದು ವ್ಯಾನಿನಲ್ಲಿಟ್ಟರು. ದಿನಾಂಕ, ಓಡಿದ ದೂರ, ನೀರಿನ ಮಟ್ಟ, ಬೆಲ್ಟು, ಪೈಪು, ಮುಚ್ಚಳ ಎಂದು ಅಂಕಣ ಹಾಕಿದರು. ಎರಡು ವರ್ಷಗಳ ಕಾಲ ಒಂದು ವಾರವನ್ನೂ ತಪ್ಪಿಸಲಿಲ್ಲ. ವ್ಯಾನು ಹುಂಚಕ್ಕೂ ಶ್ರವಣಬೆಳಗೊಳಕ್ಕೂ ಹೋಗಿಬಂದಿತು. ಮುಳ್ಳು ನಡುವಿನ ಗೆರೆಯನ್ನು ದಾಟಲಿಲ್ಲ. ಕಾಣದ ನೀರಿನ ವಿಷಯದಲ್ಲೂ ಯತ್ನಾಚಾರ ಸಾಧ್ಯವೆಂದು ಅವರು ಇತರರಿಗೆ ಹೇಳುವಂತಾದರು. ಅಲ್ಲೊಂದು ಸಣ್ಣ ಹೆಮ್ಮೆಯೂ ಸೇರಿಕೊಂಡಿತ್ತು.

2004ರ ಬೇಸಿಗೆಯಲ್ಲಿ ಪುಸ್ತಕ ಅವಧಿ ಮುಗಿಯಿತೆಂದು ತೋರಿಸಿತು. ಹರಿಹರಕ್ಕೆ ಹೋಗಿಬರುವ ಒಂದು ಮಧ್ಯಾಹ್ನವನ್ನು ಉಳಿಸಲು, ಇಷ್ಟು ಕಲಿತ ಮೇಲೆ ಮೇಸ್ತ್ರಿಯೇಕೆ ಎಂದು, ಅವರು ತಾವೇ ಚಪ್ಪರದಲ್ಲಿ ರೇಡಿಯೇಟರಿನ ತಳದ ಕಾಕನ್ನು ತೆರೆದರು. ಒಂದು ಬಕೆಟ್ಟಿನಷ್ಟು ಹಸಿರು ದ್ರವ ನೆಲದ ಮೇಲೆ ಹರಿದು, ಇಳಿಜಾರಿನ ಹಾಸುಗಲ್ಲಿನ ಗುಳಿಯಲ್ಲಿ ನಿಂತಿತು. ಅವರ ಗಮನವೆಲ್ಲ ಒಳಗೆ ಹೋಗುವುದರ ಮೇಲಿತ್ತು. ಒಳಗನ್ನು ಎರಡು ಸಲ ಶುದ್ಧ ನೀರಿನಿಂದ ತೊಳೆದರು, ಅಳತೆ ಹಿಡಿದು ಹೊಸ ಮಿಶ್ರಣ ತುಂಬಿದರು, ಗಾಳಿ ಹೊರಹೋಗಲು ಮುಚ್ಚಳ ತೆರೆದಿಟ್ಟು ಎಂಜಿನ್ ನಡೆಸಿದರು. ಪುಸ್ತಕದಲ್ಲಿ ಎಲ್ಲ ಅಂಕಣಗಳನ್ನೂ ತುಂಬಿ ಮನೆಗೆ ಹೋದರು.

ವಠಾರದ ಕಾವಲುಗಾರನಿಗೆ ಹತ್ತು ವರ್ಷದ ಮಗಳಿದ್ದಳು. ಅವಳು ಸಾಕಿದ್ದ ಕಂದು ನಾಯಿ ಆ ಸಂಜೆ ಗುಳಿಯ ನೀರನ್ನು ನೆಕ್ಕಿತು. ಅದನ್ನು ಯಾರೂ ನೋಡಲಿಲ್ಲ. ರಾತ್ರಿ ಅದು ತೂರಾಡಿತು, ವಾಂತಿ ಮಾಡಿತು. ಮರುದಿನ ಸುಧಾರಿಸಿದಂತೆ ಕಂಡಿತು. ಮೂರನೆಯ ದಿನ ಏಳಲಿಲ್ಲ. ಪಶುವೈದ್ಯರ ಬಳಿಗೆ ಒಯ್ದಾಗ ಮೂತ್ರಪಿಂಡಗಳು ನಿಂತುಹೋಗಿವೆ ಎಂದರು, ಏನೋ ವಿಷ ತಿಂದಿದೆ ಎಂದರು. ಸಂಜೆಯ ಹೊತ್ತಿಗೆ ಅದು ಸತ್ತಿತು.

ವಿಷವೆಂದ ಕೂಡಲೇ ಕಾವಲುಗಾರನಿಗೆ ನೆನಪಾದದ್ದು ಬೀದಿಯಾಚೆಯ ಚಹದಂಗಡಿಯ ಹುಡುಗ. ಅವನು ಆ ನಾಯಿಗೆ ಹಲವು ಬಾರಿ ಕಲ್ಲು ಬೀಸಿದ್ದ, ಒಂದು ದಿನ ನೋಡಿಕೊಳ್ಳುತ್ತೇನೆ ಎಂದೂ ಕೂಗಿದ್ದ. ವಠಾರದಲ್ಲಿ ಎಲ್ಲರೂ ಅವನ ಹೆಸರನ್ನೇ ಹೇಳತೊಡಗಿದರು. ಗೃಹಸ್ಥರು ಬಸದಿಗೆ ಬಂದಾಗ ಈ ಮಾತು ಅವರ ಕಿವಿಗೂ ಬಿತ್ತು. ಅವರು ಚಪ್ಪರದತ್ತ ನಡೆದರು. ಗುಳಿ ಒಣಗಿತ್ತು; ಅಂಚಿನಲ್ಲಿ ಹಸಿರು ಕಲೆ ಉಳಿದಿತ್ತು. ಮೇಸ್ತ್ರಿಯ ಮಾತು ಆಗ ನೆನಪಾಯಿತು.

ಅವರು ನೇರವಾಗಿ ಪಶುವೈದ್ಯರಲ್ಲಿಗೆ ಹೋಗಿ ಕೇಳಿದರು. ಸಾಮಾನ್ಯ ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ ರುಚಿಯದು. ಪ್ರಾಣಿಗಳು ಅದನ್ನು ಕುಡಿಯಬಲ್ಲವು. ಯಕೃತ್ತಿನಲ್ಲಿ ಅದು ಆಮ್ಲಗಳಾಗಿ ಮಾರ್ಪಟ್ಟು, ಕೊನೆಗೆ ಹರಳುಗಳಾಗಿ ಮೂತ್ರಪಿಂಡದಲ್ಲಿ ಕೂರುತ್ತದೆ. ಮೊದಲ ಕೆಲವು ಗಂಟೆಗಳೊಳಗೆ ಮದ್ದು ಕೊಟ್ಟರೆ ಉಳಿಸಬಹುದು. ನಡುವೆ ಬರುವ ಸುಧಾರಣೆ ಬರಿಯ ತೋರಿಕೆ. ಲಕ್ಷಣಗಳೆಲ್ಲ ತಾಳೆಯಾದವು.

ಆ ರಾತ್ರಿ ಗೃಹಸ್ಥರು ನಿದ್ರಿಸಲಿಲ್ಲ. ಅವರು ಚೆಲ್ಲಿದ್ದನ್ನು ಕಂಡವರಿಲ್ಲ. ನಾಯಿಯನ್ನು ಕೊಲ್ಲಬೇಕೆಂಬ ಭಾವ ಅವರಲ್ಲಿ ಲೇಶವೂ ಇರಲಿಲ್ಲ. ಹಾಗಾದರೆ ಇದು ಹಿಂಸೆಯೆ? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಅವರು ಸ್ವಾಧ್ಯಾಯದಲ್ಲಿ ಎಷ್ಟೋ ಬಾರಿ ಓದಿದ್ದರು. ಅಲ್ಲಿ ಹಿಂಸೆಯ ಲಕ್ಷಣ ದ್ವೇಷದಿಂದ ಆರಂಭವಾಗುವುದಿಲ್ಲ, ಪ್ರಮಾದದಿಂದ ಆರಂಭವಾಗುತ್ತದೆ. ಒಂಬತ್ತನೆಯ ಅಧ್ಯಾಯದಲ್ಲಿ ಮುನಿಗಳಿಗೆ ಹೇಳಿದ ಐದು ಸಮಿತಿಗಳಿವೆ. ನಡೆಯುವ, ನುಡಿಯುವ, ಆಹಾರ ಸ್ವೀಕರಿಸುವ, ವಸ್ತುಗಳನ್ನು ಎತ್ತಿಡುವ ಎಚ್ಚರಗಳಾದ ಮೇಲೆ ಐದನೆಯದು ಉತ್ಸರ್ಗ ಸಮಿತಿ: ಬಿಡಬೇಕಾದುದನ್ನು ಜೀವಗಳಿಗೆ ಬಾಧೆಯಾಗದ ಸ್ಥಳದಲ್ಲಿ ಬಿಡುವ ಎಚ್ಚರ. ಅದು ಮಲಮೂತ್ರಗಳಿಗೆ ಸಂಬಂಧಿಸಿದ ಮುನಿಧರ್ಮವೆಂದು ಅವರು ಪುಟ ತಿರುವಿ ಮುಂದೆ ಹೋಗುತ್ತಿದ್ದರು. ತಮ್ಮ ಪುಸ್ತಕದಲ್ಲಿ ಇಲ್ಲದ ಅಂಕಣ ಅದೇ ಎಂದು ಆ ರಾತ್ರಿ ಹೊಳೆಯಿತು.

ಇನ್ನೂ ಒಂದು ಹಿಂಸೆ ಆಗಬೇಕಾಗಿ ಕಾದಿತ್ತು. ಅದನ್ನು ತಡೆಯುವುದು ಅವರ ಕೈಯಲ್ಲೇ ಇತ್ತು. ಬೆಳಿಗ್ಗೆ ಅವರು ಪೂಜೆಗೆ ಮುಂಚೆ ಕಾವಲುಗಾರನ ಕೋಣೆಗೆ ಹೋದರು. ಮಗಳೂ ಅಲ್ಲಿದ್ದಳು. ತಗ್ಗಿಸಿದ ದನಿಯಲ್ಲಿ, ಆದರೆ ಏನನ್ನೂ ಮರೆಸದೆ, ನಡೆದುದನ್ನು ಹೇಳಿದರು. ಮೇಸ್ತ್ರಿ ಎಚ್ಚರಿಸಿದ್ದರೆಂಬುದನ್ನೂ ಬಿಡಲಿಲ್ಲ.

ಕಾವಲುಗಾರ ಬಹಳ ಹೊತ್ತು ಸುಮ್ಮನಿದ್ದ. "ಯಜಮಾನ್ರೇ, ನೀವು ಹೇಳದಿದ್ರೆ ಇವತ್ತು ಆ ಹುಡುಗನ ಮೇಲೆ ಕೈ ಮಾಡ್ತಿದ್ದೆ," ಎಂದ. ಹುಡುಗಿ ಏನೂ ಹೇಳಲಿಲ್ಲ. ಒಳಗೆ ಹೋಗಿ ಕದ ಮುಂದೆ ಮಾಡಿಕೊಂಡಳು. ಗೃಹಸ್ಥರು ಚಹದಂಗಡಿಗೂ ಹೋಗಿ ಅದೇ ಮಾತನ್ನು ನಾಲ್ಕು ಜನರ ಎದುರು ಹೇಳಿದರು. ಹುಡುಗಿಯ ಮೌನಕ್ಕೆ ಅವರಲ್ಲಿ ಉತ್ತರವಿರಲಿಲ್ಲ; ಬೇರೆ ನಾಯಿಮರಿ ತಂದುಕೊಡುವ ಮಾತನ್ನು ಅವರು ಎತ್ತಲೂ ಇಲ್ಲ.

ಆ ಬಳಿಕ ಅವರು ಮಾಡಿದ್ದು ಇಷ್ಟೇ. ಹಾಸುಗಲ್ಲನ್ನು ಧಾರಾಳ ನೀರಿನಿಂದ ತೊಳೆಸಿ, ಗುಳಿಯನ್ನು ಸಿಮೆಂಟಿನಿಂದ ಮುಚ್ಚಿಸಿದರು. ಅಗಲ ಬಾಯಿಯ ಬೋಗುಣಿ ಒಂದು, ಬಿಗಿಯಾದ ಮುಚ್ಚಳದ ಕ್ಯಾನು ಒಂದು ತಂದು, ಕ್ಯಾನಿನ ಮೇಲೆ ಕನ್ನಡದಲ್ಲಿ ದೊಡ್ಡದಾಗಿ 'ವಿಷ' ಎಂದು ಬರೆಸಿದರು. ಕಂಪನಿಯ ಡಬ್ಬಿಯ ಎಚ್ಚರಿಕೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿತ್ತು. ತೆಗೆದ ಹಳೆಯ ದ್ರವವನ್ನು ಚರಂಡಿಗಾಗಲಿ ಬಾವಿಯ ಬಳಿಗಾಗಲಿ ಬಿಡದೆ, ಅದನ್ನು ಸ್ವೀಕರಿಸಲು ಒಪ್ಪಿದ ಸರ್ವಿಸ್ ಕೇಂದ್ರವೊಂದಕ್ಕೆ ಒಪ್ಪಿಸುವ ಏರ್ಪಾಡು ಮಾಡಿಕೊಂಡರು. ಸಿಗುವಾಗ ಪ್ರೊಪಿಲೀನ್ ಗ್ಲೈಕಾಲಿನ ಕೂಲೆಂಟನ್ನೇ ತರಿಸಿದರು. ಅದರ ವಿಷ ಬಹಳ ಕಡಿಮೆ. ಆದರೂ ಬಳಸಿದ ಮೇಲೆ ಅದರಲ್ಲಿ ಲೋಹದ ಅಂಶಗಳು ಸೇರುವುದರಿಂದ ನೆಲಕ್ಕೆ ಚೆಲ್ಲುವಂಥದ್ದಲ್ಲ. ಅಮೆರಿಕದಲ್ಲಿ 2012ರಲ್ಲಿ ತಯಾರಕರು ಜನಬಳಕೆಯ ಕೂಲೆಂಟಿಗೆ ಕಹಿ ವಸ್ತು ಬೆರೆಸಲು ಒಪ್ಪಿದರು. ಪ್ರಾಣಿಗಳ ಮೇಲಿನ ಕನಿಕರದಿಂದ ಅಲ್ಲಿಯೂ ಈ ಪ್ರಶ್ನೆ ಎದ್ದಿತ್ತು. ಆದರೆ ಕಹಿಯನ್ನು ನಂಬಿ ಚೆಲ್ಲುವುದು ಬೇರೆ, ಚೆಲ್ಲದೇ ಇರುವುದು ಬೇರೆ.

ಆ ಮೆಟಾಡೋರ್ ಈಗಿಲ್ಲ. ಇಂದಿನ ವಾಹನಗಳ ರೇಡಿಯೇಟರುಗಳು ಹೆಚ್ಚಾಗಿ ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್ಕಿನವು. ಅವುಗಳ ಬೆಸುಗೆ ಬಿಚ್ಚಿ ಕಂಬಿ ಆಡಿಸುವ ಕೆಲಸವೇ ಅಪರೂಪವಾಗಿದೆ. ಕೂಲೆಂಟುಗಳಲ್ಲಿ ಐದು ವರ್ಷ ಬಾಳುವವೂ ಬಂದಿವೆ. ಆದರೆ ವ್ಯಾನಿನೊಡನೆ ಆ ಪುಸ್ತಕ ಹೋಗಲಿಲ್ಲ. ಟ್ರಸ್ಟಿನವರು ಹೊಸ ವಾಹನ ಕೊಂಡಾಗ ಅದೇ ಮಾದರಿಯಲ್ಲಿ ಇನ್ನೊಂದನ್ನು ಹೊಲಿಸಿದರು. ಮಟ್ಟ, ಬೆಲ್ಟು, ಪೈಪು, ಮುಚ್ಚಳ ಎಂಬ ಅಂಕಣಗಳಾದ ಮೇಲೆ ಕೊನೆಯಲ್ಲಿ, 2004ರಲ್ಲಿ ಗೃಹಸ್ಥರು ತಮ್ಮ ಕೈಯಿಂದ ಗೆರೆ ಎಳೆದು ಸೇರಿಸಿದ್ದ ಅಂಕಣವೂ ಅದರಲ್ಲಿದೆ: 'ತೆಗೆದದ್ದು ಎಲ್ಲಿಗೆ ಹೋಯಿತು?' ಅದನ್ನು ತುಂಬದೆ ವಾಹನದ ಕೀಲಿಯನ್ನು ಮರಳಿಸುವಂತಿಲ್ಲ ಎಂಬುದು ಅಲ್ಲಿಯ ನಿಯಮ.

ಸೋಸುವ ಬಟ್ಟೆಯನ್ನು ಬಾವಿಯಲ್ಲಿ ಜಾಲಿಸುತ್ತಿದ್ದ ಹಿರಿಯರಿಗೆ ಈ ಪ್ರಶ್ನೆಯನ್ನು ಯಾರೂ ಬರೆದುಕೊಡಬೇಕಾಗಿರಲಿಲ್ಲ.